ಹೆಂಡತಿಯ ಚಹರೆ

ಯುರೋಪಿನ ಪ್ರಾಗ್ ಎಂಬ ಹಳೆಯ ಶಹರದಲ್ಲಿ ಒಬ್ಬ ಪೊಲೀಸ್ ಹೆಣ್ಣುಮಗಳು ನನಗೆ ನಾಲ್ಕು ಪ್ರಶ್ನೆ ಕೇಳಿದಳು. ನಾಲ್ಕೂ ಸುಲಭದವು. ಒಂದಕ್ಕೂ ನನಗೆ ಸರಿಯಾದ ಉತ್ತರ ಬರಲಿಲ್ಲ. ಇದನ್ನು ಬ್ಯಾಡಗಿಯಲ್ಲಿ ನಾನು ಯಾರಿಗೂ ಹೇಳಿಲ್ಲ. ಯುರೋಪ್ ಹೆಂಗಿತ್ರಿ ಎಂದು ಕೇಳಿದವರಿಗೆ 'ಚಲೋ ಐತಿ, ಥಂಡಿ ಭಾಳ' ಎಂದು ಹೇಳಿ ಚಹಾ ತರಿಸುತ್ತೇನೆ. ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ನೀವು ನನ್ನ ಅಂಗಡಿಗೆ ಬರುವವರಲ್ಲ.

ನನ್ನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಮೂವತ್ತು ವರ್ಷಗಳಿಂದ ಕೆಂಪು ರಾಶಿಗಳ ನಡುವೆ ಓಡಾಡಿದವನು. ಸ್ವಂತ ಹೊಗಳಿಕೆ ಎಂದುಕೊಳ್ಳಬೇಡಿ. ಚೀಲದ ಬಾಯಿ ಬಿಚ್ಚುವ ಮೊದಲೇ ಒಳಗಿರುವುದು ಕಡ್ಡಿ ತಳಿಯೋ ಡಬ್ಬಿ ತಳಿಯೋ, ಹೊಲದಲ್ಲೇ ಒಣಗಿದ್ದೋ ಮನೆಯ ಮಾಳಿಗೆ ಮೇಲೆ ಒಣಗಿದ್ದೋ ಎಂದು ಹೇಳಬಲ್ಲೆ. ಕಾಯಿಯ ಸುಕ್ಕು ನೋಡಿ ಅದಕ್ಕೆ ಎಷ್ಟು ನೀರು ಕುಡಿಸಿದ್ದಾರೆಂದು ಹೇಳುತ್ತೇನೆ. 'ಸಾವಕಾರ್ರ ಕಣ್ಣು ಅಂದ್ರ ಕಣ್ಣು' ಎಂದು ಜನ ಅನ್ನುತ್ತಾರೆ. ಅಂದಾಗ ನಾನು ಬೇಡ ಅಂದವನಲ್ಲ.

ಯುರೋಪಿಗೆ ಹೋಗುವ ಹುಕಿ ನನಗಿರಲಿಲ್ಲ. ಹಾವೇರಿಯಲ್ಲಿ ಶಾಲೆ ಮಾಸ್ತರಿಕೆ ಮಾಡುವ ಮಗಳು ಹಟ ಹಿಡಿದಳು: "ಅವ್ವ ಒಂದ ಸಲನೂ ದೂರ ಎಲ್ಲೂ ಹೋಗಿಲ್ಲಪ್ಪ. ಧರ್ಮಸ್ಥಳ ಬಿಟ್ರ ಏನ್ ನೋಡ್ಯಾಳ ಹೇಳು?" ಹುಬ್ಬಳ್ಳಿಯಿಂದ ಹೊರಡುವ ಒಂದು ತಂಡ ಸಿಕ್ಕಿತು. ಇಪ್ಪತ್ತೆರಡು ಜನ, ಎಲ್ಲ ನಮ್ಮ ಕಡೆಯವರೇ; ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟವರು. ನನ್ನ ಹೆಂಡತಿ ಗಿರಿಜಾ ಪ್ರಯಾಣದ ಹಿಂದಿನ ದಿನ ಹೊಸ ಬೂಟು ಕೊಂಡಳು. ನಾನು ವ್ಯವಸ್ಥೆ ನೋಡಿಕೊಂಡೆ. ವ್ಯವಸ್ಥೆ ಎಂದರೆ ಇಬ್ಬರ ಪಾಸ್‌ಪೋರ್ಟ್ ನನ್ನ ಸೊಂಟದ ಚೀಲದಲ್ಲಿ, ಹೊರದೇಶದ ಸಿಮ್ ನನ್ನ ಫೋನಿನಲ್ಲಿ. "ನನ್ನ ಫೋನಿಗ್ರೀ?" ಎಂದು ಅವಳು ಕೇಳಿದಳು. "ನೀ ನನ್ನ ಸಂಗಾಟ ಇರ್ತಿಯಲ್ಲ, ನಿನಗ್ಯಾಕ?" ಎಂದೆ. ಆಗ ಅದು ನನಗೆ ಪ್ರೀತಿಯ ಮಾತಿನ ಹಾಗೆಯೇ ಕೇಳಿಸಿತ್ತು.

ಪ್ರಾಗಿಗೆ ಕೊಟ್ಟದ್ದು ಒಂದೇ ದಿನ. ಬೆಳಿಗ್ಗೆ ಗುಡ್ಡದ ಮೇಲಿನ ಕೋಟೆ, ಆಮೇಲೆ ಕಲ್ಲಿನ ಸೇತುವೆ, ಹನ್ನೆರಡಕ್ಕೆ ಸರಿಯಾಗಿ ಹಳೆಯ ಗಡಿಯಾರ, ಊಟ, ದೋಣಿ. ನಮ್ಮ ಗೈಡ್ ಸುಮಾ ಧಾರವಾಡದ ಹೆಣ್ಣುಮಗಳು. ಹಳದಿ ಛತ್ರಿಯೊಂದನ್ನು ಮೇಲೆತ್ತಿ ಹಿಡಿದು ಮುಂದೆ ನಡೆಯುತ್ತಿದ್ದಳು, ನಾವು ಹಿಂದೆ. ಛತ್ರಿಯ ಹತ್ತಿರದಲ್ಲೇ ಇರಬೇಕೆಂಬುದು ನನ್ನ ನಿಯಮ. ವಿವರಣೆ ಒಂದು ಅಕ್ಷರ ತಪ್ಪಬಾರದು. ಯಾವ ರಾಜ, ಯಾವ ಶತಮಾನ, ಯಾವ ಬೆಂಕಿಯಲ್ಲಿ ಏನು ಸುಟ್ಟಿತು ಎಲ್ಲ ಕೇಳಿಸಿಕೊಂಡೆ, ಈಗ ಒಂದೂ ನೆನಪಿಲ್ಲ. ಕೋಟೆಯ ಮುಂದೆ, ಚರ್ಚಿನ ಮುಂದೆ, ಕಾವಲುಗಾರನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡೆ. ತೆಗೆದವಳು ಗಿರಿಜಾ.

ಕೋಟೆಯಿಂದ ಇಳಿದು ಸೇತುವೆಗೆ ಬಂದೆವು. ನಮ್ಮ ಕಡೆ ಗಂಡ ಹೆಂಡತಿ ದಾರಿಯಲ್ಲಿ ಹೋಗುವುದನ್ನು ನೀವು ನೋಡಿರುತ್ತೀರಿ. ಗಂಡ ನಾಲ್ಕು ಮಾರು ಮುಂದೆ, ಹೆಂಡತಿ ಹಿಂದೆ. ಇದಕ್ಕೆ ಹಿರಿಯರು ಕೊಡುತ್ತಿದ್ದ ಕಾರಣ ಹಾವು, ಮುಳ್ಳು. ಗಂಡಸು ಮುಂದೆ ನಡೆದು ದಾರಿ ನೋಡಬೇಕಂತೆ. ಡಾಂಬರು ರಸ್ತೆ ಬಂದು ಹಾವು ಮುಳ್ಳು ಬದಿಗೆ ಸರಿದು ಎಷ್ಟೋ ಕಾಲವಾಯಿತು, ನಮ್ಮ ನಡಿಗೆ ಬದಲಾಗಲಿಲ್ಲ. ಪ್ರಾಗಿನ ಸೇತುವೆಯ ಮೇಲೆ ಜಗತ್ತಿನ ಜನವೆಲ್ಲ ಜೋಡಿ ಜೋಡಿಯಾಗಿ ಕೈ ಹಿಡಿದು ನಡೆಯುತ್ತಿದ್ದರು. ನಾನು ಛತ್ರಿ ನೋಡುತ್ತ ನಡೆದೆ.

ಸೇತುವೆ ದಾಟಿ ಗಡಿಯಾರದ ಚೌಕ ಮುಟ್ಟಿದಾಗ ಹನ್ನೆರಡಾಯಿತು. ಗಡಿಯಾರದ ಮೇಲಿನ ಅಸ್ಥಿಪಂಜರದ ಗೊಂಬೆ ಹಗ್ಗ ಎಳೆದು ಗಂಟೆ ಬಾರಿಸಿತು, ಕಿಟಕಿ ತೆರೆದು ಸಂತರು ಒಬ್ಬೊಬ್ಬರೇ ಇಣುಕಿ ಹೋದರು, ಕೊನೆಗೆ ಬಂಗಾರದ ಹುಂಜ ಕೂಗಿತು. ಎಲ್ಲವನ್ನೂ ಫೋನಿನಲ್ಲಿ ಹಿಡಿದೆ. ಮುಗಿದ ಮೇಲೆ "ನೋಡಿದ್ಯಾ?" ಎಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೋ ಒಬ್ಬ ಕೆಂಚುಕೂದಲ ಅಜ್ಜಿ ನನ್ನನ್ನು ನೋಡಿ ನಕ್ಕಳು.

ಮೊದಲು ಸಿಟ್ಟು ಬಂತು. ಹತ್ತು ನಿಮಿಷ ಗುಂಪಿನಲ್ಲಿ ಹುಡುಕಿದ ಮೇಲೆ ಸಿಟ್ಟು ಇಳಿದು ಅಂಜಿಕೆ ಬಂತು. ಅವಳ ಹತ್ತಿರ ಫೋನಿಲ್ಲ, ಪಾಸ್‌ಪೋರ್ಟಿಲ್ಲ. ನಾವು ಇಳಿದ ಹೋಟೆಲಿನ ಹೆಸರು ನನಗೇ ಹೇಳಲು ಬರುತ್ತಿರಲಿಲ್ಲ. ಸುಮಾ ಓಡಿ ಬಂದಳು. "ಅಂಜಬ್ಯಾಡ್ರಿ ಸಾವಕಾರ್ರ. ಅಮ್ಮಾರು ಲಾಸ್ಟ್ ಎಲ್ಲಿ ಕಂಡಿದ್ರು ಹೇಳ್ರಿ."

ಯೋಚಿಸಿದೆ. ಸೇತುವೆಯ ಮೇಲೆ? ಗೊತ್ತಿಲ್ಲ. ಇಳಿಜಾರಿನಲ್ಲಿ? ಕೋಟೆಯಲ್ಲಿ ಫೋಟೊ ತೆಗೆದಳಲ್ಲ, ಆದರೆ ಆಗ ನಾನು ನೋಡಿದ್ದು ಫೋನನ್ನು. ನನಗೆ ಖಚಿತವಾಗಿ ನೆನಪಿದ್ದದ್ದು ಬೆಳಗಿನ ನಾಷ್ಟಾದ ಮೇಜು. ಅಲ್ಲಿಯೂ ನೆನಪಿರುವುದು ನನ್ನ ತಾಟಿಗೆ ಬ್ರೆಡ್ಡು ಇಟ್ಟ ಕೈ.

ಚೌಕದ ಬದಿಯಲ್ಲಿ ಪೊಲೀಸ್ ವ್ಯಾನು ನಿಂತಿತ್ತು. ಸುಮಾ ವಿಷಯ ಹೇಳಿದಳು. ಪೊಲೀಸ್ ಹೆಣ್ಣುಮಗಳು ಪುಸ್ತಕ ತೆಗೆದು ಕೇಳುತ್ತ ಹೋದಳು, ಸುಮಾ ಕನ್ನಡದಲ್ಲಿ ನನ್ನ ಮುಂದಿಡುತ್ತ ಹೋದಳು.

"ಯಾವ ಬಣ್ಣದ ಸೀರಿ ಉಟ್ಟಿದ್ರು?"

"ಸೀರಿ... ಹೂಂ, ಸೀರಿ ಉಟ್ಟಿದ್ಲು."

"ಬಣ್ಣ?"

ಚೌಕದ ಗುಂಪಿನ ಕಡೆ ತಿರುಗಿ ನೋಡಿದೆ.

"ಮ್ಯಾಲೆ ಸ್ವೆಟರ್ ಇತ್ತೋ ಶಾಲೋ? ಚಷ್ಮಾ ಹಾಕ್ಕೊಂಡಿದ್ರೋ ಹ್ಯಾಂಗ? ಎತ್ತರ ಎಷ್ಟ್ರಿ?"

ಚಷ್ಮಾ ಓದುವಾಗ ಹಾಕಿಕೊಳ್ಳುತ್ತಾಳೋ ಯಾವಾಗಲೂ ಹಾಕಿಕೊಳ್ಳುತ್ತಾಳೋ? ನನ್ನ ಭುಜದವರೆಗೆ ಬರುತ್ತಾಳೋ ಕಿವಿಯವರೆಗೋ? ಪಕ್ಕಪಕ್ಕದಲ್ಲಿ ನಿಂತು ಎಷ್ಟು ಕಾಲವಾಗಿತ್ತೋ. ಫೋಟೊ ಇದ್ದರೆ ತೋರಿಸಿ ಎಂದಳು ಸುಮಾ. ಫೋನು ತೆಗೆದು ಬೆರಳಾಡಿಸಿದೆ. ನಾನು, ಕೋಟೆ, ನಾನು, ಚರ್ಚು, ಮತ್ತೆ ನಾನು. ಆ ಪೊಲೀಸ್ ಹೆಣ್ಣುಮಗಳು ಪೆನ್ನು ಕೆಳಗಿಳಿಸಿ ನನ್ನ ಮುಖವನ್ನು ನೋಡಿದಳು. ಅವಳ ಭಾಷೆ ನನಗೆ ಬಾರದು, ಆ ನೋಟ ಅರ್ಥವಾಯಿತು. ಇವನು ನಿಜವಾಗಿಯೂ ಆಕೆಯ ಗಂಡ ಹೌದೋ ಅಲ್ಲವೋ ಎಂಬ ಅನುಮಾನ ಅದು.

ಉತ್ತರ ಕೊಟ್ಟವರು ನಮ್ಮ ತಂಡದ ಕಸ್ತೂರಿಬಾಯಿ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ನಡೆಸುವವರು, ಗಿರಿಜಾಳನ್ನು ಕಂಡು ಇನ್ನೂ ಆರು ದಿನ ಆಗಿತ್ತಷ್ಟೇ. "ಹಸರ ಇಳಕಲ್ ಸೀರಿ, ಕೆಂಪು ಸೆರಗು. ಮ್ಯಾಲೆ ಬೂದಿ ಬಣ್ಣದ ಸ್ವೆಟರ್, ಮೊಣಕೈ ಹತ್ರ ಒಂದ್ ಸಣ್ಣ ತೇಪಿ ಐತಿ. ಚಷ್ಮಾ ಇಲ್ಲ. ನನ್ನಕಿಂತ ಎರಡ ಬೆರಳು ಎತ್ತರ. ಕಾಲಾಗ ಬಿಳಿ ಬೂಟು." ಆಮೇಲೆ ನನ್ನ ಕಡೆ ತಿರುಗಿ, "ಅಲ್ರಿ ಅಣ್ಣಾರ, ಆ ಬೂಟು ಕಚ್ಚಿ ಹಿಮ್ಮಡಿ ರಕ್ತ ಆಗೇತಿ. ನಿನ್ನಿಯಿಂದ ಕುಂಟಾಕತ್ತಾರ. ನಿಮಗ ಹೇಳಿಲ್ಲೇನ್ರಿ?" ಎಂದರು.

ಹೇಳಿದ್ದಳೋ ಏನೋ. ಹೇಳಿದರೆ ನಾನು 'ಹೂಂ' ಅಂದಿರುತ್ತೇನೆ.

ಕುಂಟುವವಳು ದೂರ ಹೋಗಿರಲಾರಳು ಎಂದು ನಾನೂ ಸುಮಾಳೂ ಸೇತುವೆಯ ಕಡೆ ಓಡಿದೆವು. ಓಡುವಾಗ ನನ್ನ ತಲೆಯಲ್ಲಿ ಬಂದದ್ದು ಹೆಣ್ಣು ನೋಡಿದ ದಿನ. ನೋಡುವುದು ಎಂಬ ಕ್ರಿಯಾಪದವನ್ನು ನಾವು ಎಷ್ಟು ವಿಚಿತ್ರವಾಗಿ ಬಳಸುತ್ತೇವೆ ಗಮನಿಸಿ. ಊರು ನೋಡುತ್ತೇವೆ, ಮಾಲು ನೋಡುತ್ತೇವೆ, ಹೆಣ್ಣು ನೋಡುತ್ತೇವೆ. ರಾಣೆಬೆನ್ನೂರಿನ ತವರುಮನೆಯ ಪಡಸಾಲೆಯಲ್ಲಿ ಗಿರಿಜಾ ಅವಲಕ್ಕಿಯ ತಾಟು ಹಿಡಿದು ಬಂದಾಗ ನಾನು ಕಣ್ಣು ಬಿಟ್ಟು ನೋಡಿದ್ದೆ. ಎಡಗೆನ್ನೆಯ ಮೇಲಿನ ಮಚ್ಚೆ, ಬಳೆ ಎಷ್ಟು, ಜಡೆ ಎಲ್ಲಿಯವರೆಗೆ, ಎಲ್ಲ. 'ಪಸಂದ ಐತಿ' ಎಂದು ಹೇಳಿ ಎದ್ದು ಬಂದೆ. ಖರೀದಿ ಮುಗಿದ ಮಾಲನ್ನು ದಲಾಲಿ ಮತ್ತೆ ಬಿಚ್ಚಿ ನೋಡುವ ಪದ್ಧತಿ ಇಲ್ಲ.

ಸೇತುವೆ ಮುಗಿಯುವ ಹತ್ತಿರ ಎಡಕ್ಕೆ ಮೆಟ್ಟಿಲು ಇಳಿದು ಹೋಗುತ್ತವೆ. ಕೆಳಗೆ ಮರಗಳ ನಡುವೆ, ಹೊಳೆಯ ದಂಡೆಯ ಒಂದು ಬೆಂಚಿನ ಮೇಲೆ ಹಸಿರು ಸೀರೆ ಕಂಡಿತು. ಬೂಟು ಬಿಚ್ಚಿ ಪಕ್ಕದಲ್ಲಿಟ್ಟು, ಬರಿಗಾಲನ್ನು ಹುಲ್ಲಿನ ಮೇಲೆ ಚಾಚಿ ಕೂತಿದ್ದಳು. ಅಳುತ್ತಿರಲಿಲ್ಲ. ಯಾರನ್ನೂ ಹುಡುಕುತ್ತಿರಲಿಲ್ಲ. ನೀರಿನಲ್ಲಿ ಹಂಸಗಳು ತೇಲುವುದನ್ನು ನೋಡುತ್ತಿದ್ದಳು. ಸುಮಾ ಮೆಟ್ಟಿಲ ಮೇಲೆಯೇ ನಿಂತಳು. ನಾನು ಏದುಸಿರು ಬಿಡುತ್ತ ಹೋದೆ.

"ಎಲ್ಲಿ ಹೋಗಿದ್ದಿ?"

"ನಾ ಎಲ್ಲೂ ಹೋಗಿಲ್ರಿ. ನೀವ ಹೋಗಿದ್ರಿ."

"ಕರೀಬಾರದಾ?"

"ಎರಡ ಸಲ ಕರದೆ. ಕಾಲು ಎತ್ತಿ ಇಡಾಕ ಆಗವಲ್ದಾಗಿತ್ತು. ನೀವು ಹ್ವಾದ್ರಿ. ಮೂರನೇ ಸಲ ಕರೀಬೇಕು ಅಂದೆ, ಬಾಯಿ ಬರಲಿಲ್ಲ."

"ಎಷ್ಟ ಹೆದರಿದ್ನಿ ಗೊತ್ತೈತೇನು?"

ಅವಳು ಕೈಗಡಿಯಾರ ನೋಡಿದಳು. "ಒಂದ ತಾಸು ನಲವತ್ತ ನಿಮಿಷ ಆತು" ಎಂದಳು. ಧ್ವನಿಯಲ್ಲಿ ತಕರಾರು ಇರಲಿಲ್ಲ. ಹೊಳೆಯ ಕಡೆಗೇ ನೋಡುತ್ತ ಹೇಳಿದಳು: "ಒಂದ್ ಮಾತು ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೊದಲ ಅಂಜಿಕಿ ಬಂತು. ಆಮ್ಯಾಲೆ ಅಂಜಿಕಿ ಹ್ವಾತು. ಇಲ್ಲಿ ಕುಂತಾಗ ಭಾಳ ಹಗುರ ಅನಿಸ್ತು. ಅಲ್ಲಿ ಮೆಟ್ಟಲದ ಮ್ಯಾಲೆ ನೀವು ಬರೂದು ಕಂಡಾಗ, 'ಅಯ್ಯ, ಬಂದ್ರಲ್ಲ' ಅನಿಸಿಬಿಡ್ತು. ಹಂಗ ಅನಿಸಬಾರದಾಗಿತ್ತು. ಅನಿಸ್ತು."

ಬೈದಿದ್ದರೆ ನನಗೆ ದಾರಿಯಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ಅಭ್ಯಾಸವಿದೆ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. "ತಪ್ಪಾತು" ಎಂದೆ. "ಇರ್ಲಿ ಬಿಡ್ರಿ" ಎಂದಳು. ಇಷ್ಟು ಮೆತ್ತಗೆ ಒಂದು ಬಾಗಿಲು ಮುಚ್ಚಬಹುದೆಂದು ನನಗೆ ಗೊತ್ತಿರಲಿಲ್ಲ.

ತಂಡ ದೋಣಿಗೆ ಹೋಯಿತು. ನಾವಿಬ್ಬರೂ ಉಳಿದೆವು. ಚಪ್ಪಲಿ ಕೊಳ್ಳಲು ಒಂದು ಸಣ್ಣ ಅಂಗಡಿಗೆ ಹೋದೆವು. ಅವಳು ಒಂದೊಂದೇ ಜೋಡಿ ಹಾಕಿ ನೋಡುತ್ತಿದ್ದಳು, ನಾನು ಬಾಗಿಲಲ್ಲಿ ನಿಂತಿದ್ದೆ. ಅಂಗಡಿಯಾಕೆ ನನ್ನತ್ತ ಬೆರಳು ತೋರಿಸಿ, ಇವರು ನಿಮ್ಮ ಜೊತೆಯವರೇ ಎಂಬಂತೆ ಸನ್ನೆ ಮಾಡಿ ಕೇಳಿದಳು. ಗಿರಿಜಾ ಹೌದೆಂದು ತಲೆಯಾಡಿಸಿದಳು. ಆದರೆ ತಕ್ಷಣ ಅಲ್ಲ. ಒಂದು ಕ್ಷಣ ನನ್ನನ್ನು ನೋಡಿ ಆಮೇಲೆ. ಆ ಕ್ಷಣದಲ್ಲಿ ನಾನು ಕಂಡದ್ದನ್ನು ಯಾವ ಕೋಟೆಯಲ್ಲಿಯೂ ಕಂಡಿರಲಿಲ್ಲ: ಅವಳು ಯೋಚಿಸುತ್ತಿದ್ದಳು.

ಊರಿಗೆ ಬಂದು ಏಳು ತಿಂಗಳಾಯಿತು. ಜಗಳವಿಲ್ಲ. ರೊಟ್ಟಿ ಬಿಸಿಯಾಗಿಯೇ ಬೀಳುತ್ತದೆ. ನಾನು ಈಗ ನೋಡುತ್ತೇನೆ. ಯಾವ ಸೀರೆ, ಯಾವ ಬಳೆ ಎಲ್ಲ ನೋಡುತ್ತೇನೆ. ಒಮ್ಮೆ "ಇದು ನಿನಗ ಚಂದ ಕಾಣತೈತಿ" ಎಂದೆ. "ಇದು ಹಳೇದ್ರಿ" ಎಂದು ಒಳಗೆ ಹೋದಳು. ಪರೀಕ್ಷೆ ಮುಗಿದು ಪೇಪರು ಕೊಟ್ಟು ಬಂದ ಮೇಲೆ ಉತ್ತರ ಬಾಯಿಪಾಠ ಮಾಡುವ ವಿದ್ಯಾರ್ಥಿಯಂತಾಗಿದೆ ನನ್ನ ಬಾಳು.

ರಾಣೆಬೆನ್ನೂರಿನಲ್ಲಿ ಅವಳ ತಂಗಿಯ ಹೊಲಿಗೆ ಅಂಗಡಿಯಿದೆ. ಪ್ರತಿ ಗುರುವಾರ ಗಿರಿಜಾ ಅಲ್ಲಿಗೆ ಹೋಗಿ ಕುಪ್ಪಸ ಹೊಲಿಯುತ್ತಾಳೆ. ಗುರುವಾರ ನನಗೆ ಪ್ಯಾಟೆಯ ದಿನ, ಮೈತುಂಬ ಕೆಲಸ. ಆದರೂ ಒಂದು ಸಲ "ನಾನೂ ಬರ್ಲೇನು?" ಎಂದೆ. "ನೀವ್ಯಾಕ್ರಿ, ಪ್ಯಾಟಿ ಬಿಟ್ಟು" ಎಂದಳು. ಸಂಜೆ ಆರರ ಬಸ್ಸಿಗೆ ವಾಪಸು ಬರುತ್ತಿದ್ದಳು. ಹೋದ ಗುರುವಾರ ಆ ಬಸ್ಸಿಗೆ ಬರಲಿಲ್ಲ. ಫೋನು ಬಂತು.

"ಇವತ್ತ ಇಲ್ಲೇ ಇರ್ತೇನ್ರಿ. ಸಾರು ಮಾಡಿ ಇಟ್ಟೇನಿ, ಕಾಸ್ಕೊಳ್ರಿ."

"ನಾಳೆ ಬರ್ತಿಯಲ್ಲ?"

ಆ ಕಡೆ ಹೊಲಿಗೆ ಯಂತ್ರದ ಸದ್ದು ಒಂದು ಗಳಿಗೆ ನಿಂತಿತು. "ನೋಡೂಣ್ರಿ" ಎಂದಳು.

ನೋಡೋಣ ಎಂಬುದು ನಮ್ಮ ದಂಧೆಯ ಮಾತು. ಹೌದು ಅಲ್ಲ, ಇಲ್ಲ ಅಲ್ಲ. ಕಾಗಿನೆಲೆ ಕಡೆಯಿಂದ, ಹೊಸರಿತ್ತಿಯಿಂದ ರೈತರು ಗಾಡಿ ಹೇರಿಕೊಂಡು ಬಂದು 'ಇವತ್ತ ನಮ್ಮ ಮಾಲು ಹೋಗತೈತೇನ್ರಿ?' ಎಂದು ಕೇಳಿದಾಗಲೆಲ್ಲ ನಾನು ತಲೆಯೆತ್ತದೆ ಅಂದದ್ದು ಅದನ್ನೇ. ಅಂದು ಮರೆತುಬಿಡುತ್ತಿದ್ದೆ. ಹೇಳಿಸಿಕೊಂಡವರು ಅಂಗಡಿಯ ಕಟ್ಟೆ ಬಿಟ್ಟು ಏಳದೆ, ನೀರೂ ಕುಡಿಯದೆ, ಅಷ್ಟು ಹೊತ್ತು ಸುಮ್ಮನೆ ಏಕೆ ಕೂತಿರುತ್ತಿದ್ದರೆಂದು ಆಗೆಲ್ಲ ನನಗೆ ಆಶ್ಚರ್ಯವಾಗುತ್ತಿತ್ತು.