ಹುನಗುಂದ ದಾಟಿದರೆ ನಿಲ್ಲುವ ಕಾರು

ಹೆಂಗಸರು ಕಾರು ಓಡಿಸುವುದೆಂದರೆ ನನ್ನ ಮೈದುನನಿಗೆ ಮೈಯೆಲ್ಲ ಉರಿ. ನಾನು ಇಳಕಲ್ಲಿನಿಂದ ಸೀರೆ ಗಂಟು ಹೇರಿಕೊಂಡು ಬಾಗಲಕೋಟೆಯ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದುದು ಗಂಡನ ಹಳೆಯ, ಕಾರ್ಬೊರೇಟರ್ ಕಾಲದ ಕಾರಿನಲ್ಲಿ. ಅದು ಹೋದರೆ ನನ್ನ ವ್ಯಾಪಾರವೂ ಹೋಯಿತು, ಮತ್ತೆ ಅಡುಗೆಮನೆಯೇ ಗತಿ. ಇದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಒಮ್ಮೆ ಸೀರೆಗಳಿಗೆ ಪೆಟ್ರೋಲ್ ವಾಸನೆ ಹತ್ತಿದೆಯೆಂದು ಅಂಗಡಿಯವರು ಮುಖ ಸಿಂಡರಿಸಿದರು. ಮೈದುನ ಟ್ಯಾಂಕಿನ ಮುಚ್ಚಳ ಬಿಚ್ಚಿ ಏನೋ ಮಾಡಿ, "ಇನ್ನ ವಾಸನಿ ಬಂದ್ರ ನನ್ನ ಕೇಳ್ರಿ ವೈನಿ," ಎಂದು ಬೀಗಿದ. ವಾಸನೆ ನಿಂತಿತು. ಕಾರೂ ನಿಲ್ಲತೊಡಗಿತು. ಹುನಗುಂದ ದಾಟಿ, ಅಮೀನಗಡ ಇನ್ನೇನು ಬಂತು ಎನ್ನುವಾಗ ಜರ್ಕ್ ಹೊಡೆದು ಆಫ್ ಆಗುತ್ತಿತ್ತು. ಬಹಳ ಹೊತ್ತು ಕಾದ ಮೇಲೆಯೇ ಮತ್ತೆ ಶುರುವಾಗುತ್ತಿತ್ತು.

"ಗಾಡಿ ಚಲೋ ಐತಿ. ಪೆಡಲ್ ತುಳಿಯೂ ನಿಮ್ಮ ಕಾಲ ಸರಿ ಇಲ್ಲ," ಎಂದ ಮೈದುನ.

ಪಂಪು ಬದಲಿಸಿದ, ಫಿಲ್ಟರ್ ಬದಲಿಸಿದ. ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚಿಸಿದ. ಕರಿ ಹೊಗೆ ಬಂದು ಹೊಗೆ ತಪಾಸಣೆಯಲ್ಲಿ ಸರ್ಟಿಫಿಕೇಟೇ ಸಿಗಲಿಲ್ಲ. ಅದೂ ನನ್ನ ಕಾಲಿನ ತಪ್ಪೇ! ಅವನು ಓಡಿಸಿದಾಗ ಮಾತ್ರ ಕಾರು ನಿಲ್ಲುತ್ತಿರಲಿಲ್ಲ. ಹುನಗುಂದದವರೆಗೆ ಹೋಗಿ, ಅಲ್ಲಿಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಚಹಾ ಕುಡಿದು ಬಂದು ಅಣ್ಣನ ಮುಂದೆ ಕೀಲಿಕೈ ಕುಣಿಸುತ್ತಿದ್ದ. ಕೊನೆಗೆ ಕಾರು ಮಾರಲು ಬಾದಾಮಿಯ ಗಿರಾಕಿಯೊಬ್ಬನನ್ನು ಗೊತ್ತು ಮಾಡಿಯೇ ಬಿಟ್ಟ. ನಮ್ಮವರೂ ಹೂಂ ಅಂದರು.

ಆ ವಾರವೇ ಕಾರು ಮತ್ತೆ ನಿಂತಿತು. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಕೆಟ್ಟಿದ್ದರಿಂದ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಸುಯ್ಯೆಂದು ಗಾಳಿ ಒಳಗೆಳೆದುಕೊಂಡಿತು. ಕೀಲಿ ತಿರುಗಿಸಿದೊಡನೆ ಇಂಜಿನ್ ಶುರುವಾಯಿತು. ಮುಚ್ಚಳದ ಒಳಗೆ, ಗಾಳಿಯಾಡುವ ಸಣ್ಣ ತೂತಿಗೆ ಅಂಟು ಮೆತ್ತಿತ್ತು. ಒಳಗೆ ಗಾಳಿ ಹೋಗದಿದ್ದರೆ ಪಂಪು ಪೆಟ್ರೋಲನ್ನು ಎಷ್ಟಂತ ಎಳೆದೀತು? ಬಂಕಿನಲ್ಲಿ ಮುಚ್ಚಳ ತೆಗೆಸುತ್ತಿದ್ದ ಮಹಾಶಯನಿಗೆ ಕಾರು ನಿಲ್ಲುವುದಾದರೂ ಹೇಗೆ? ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಆದರೂ ಅಂಟು ಮುಟ್ಟಲಿಲ್ಲ, ಮನೆಯಲ್ಲಿ ಬಾಯಿಯೂ ಬಿಡಲಿಲ್ಲ.

ಗಿರಾಕಿಯನ್ನು ಮೈದುನ ಬಾಗಲಕೋಟೆಗೇ ಕರೆಸಿದ್ದ. ಕಾರು ತೋರಿಸಲು ಹೊರಟ ದಿನ ಅವನೇ ಓಡಿಸಿದ. ನಮ್ಮವರು ಅವನ ಪಕ್ಕದಲ್ಲಿ, ನಾನು ಹಿಂದೆ ಸೀರೆ ಗಂಟುಗಳ ನಡುವೆ. ಹುನಗುಂದದಲ್ಲಿ ಬಂಕಿನ ಕಡೆ ಹೊರಳಿಸಲು ನೋಡಿದ.

"ನಿನ್ನೆನ ತುಂಬಿಸೇನಿ. ನಡಿ," ಎಂದೆ.

ಅಮೀನಗಡದ ಹತ್ತಿರ ಕಾರು ಜರ್ಕ್ ಹೊಡೆದು ನಿಂತಿತು. ಅವನು ಕೀಲಿ ತಿರುಗಿಸಿದ, ಪೆಡಲ್ ತುಳಿದ, ಬೆವರಿದ.

"ಯಾರ ಕಾಲ ಸರಿ ಇಲ್ಲಪಾ ಈಗ?" ಎಂದೆ.

ಇಬ್ಬರನ್ನೂ ಇಳಿಸಿ, ಮುಚ್ಚಳ ತೆಗೆದು ಸುಯ್ಯೆನ್ನುವುದನ್ನು ಕೇಳಿಸಿದೆ. ಸೆರಗಿನ ಪಿನ್ನಿನಿಂದ ಅಂಟು ಕೆರೆದು ಅವನ ಅಂಗೈಗೆ ಹಾಕಿ, ಕೀಲಿಕೈ ಕಸಿದುಕೊಂಡೆ.

ನಮ್ಮವರು ತಮ್ಮನನ್ನು ದುರುಗುಟ್ಟಿ ನೋಡಿದರು. "ಆ ಗಿರಾಕಿಗೆ ಏನ್ ಹೇಳೂದೀಗ?"

"ಕರಿಸಿದಾಂವನ ಹೇಳ್ಲಿ," ಎಂದೆ. "ಗಾಡಿ ಕೊಡೂದಿಲ್ಲ, ತಪ್ಪು ನಂದ ಅಂತ."

ಮೈದುನ ಹಿಂದಿನ ಸೀಟಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಫೋನ್ ಮಾಡಿದ. "ತಪ್ಪು" ಎನ್ನುವಲ್ಲಿ ದನಿ ಸಣ್ಣಗಾಯಿತು.

ಸ್ಟೀರಿಂಗ್ ಹಿಡಿದಿದ್ದ ನಾನು ಗಾಳಿಯ ಸದ್ದು ಅಡಗಲೆಂದು ಕಿಟಕಿಯ ಗಾಜು ಏರಿಸಿದೆ. "ಕೇಳಸವಲ್ದು. ಜೋರ ಹೇಳು."