ಫಾರಂಗೆ ಇಳಿಯದ ತಂಗಳು

ಹುಣಸಮಾರನಹಳ್ಳಿಯ ಶಶಿರೇಖಾಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಹೆಬ್ಬಾಳದ ಹತ್ತಿರ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಕೆಲಸ. ಕರುಳಿನ ಬ್ಯಾಕ್ಟೀರಿಯಾಕ್ಕೂ ತಿನ್ನುವ ಊಟಕ್ಕೂ ರಕ್ತದ ಸಕ್ಕರೆಗೂ ಏನು ನಂಟು ಎಂದು ಅಲ್ಲಿನ ವಿಜ್ಞಾನಿ ಹರ್ಷಿತಾ ಮೇಡಂ ಮೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದರು. ತನ್ನೂರಿನ ಹಳೇ ಮನೆಗಳಿಂದ ಮಲದ ಡಬ್ಬಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಸ್ಕೂಟರಿನಲ್ಲಿ ತರುವುದು, ಮನೆಯವರು ಮೂರು ದಿನ ಏನೇನು ತಿಂದರೆಂದು ಫಾರಂ ತುಂಬುವುದು ಶಶಿರೇಖಾಳ ಪಾಲು. ಬೇರೆ ಯಾರಾದರೂ ಹೋಗಿ ಅಂಥದ್ದನ್ನು ಕೇಳಿದ್ದರೆ ಪೊರಕೆ ಪೂಜೆಯಾಗುತ್ತಿತ್ತು. ಇವಳು ಊರಿನ ಸೊಸೆ, ನಗುನಗುತ್ತಾ ಕೊಡುತ್ತಿದ್ದರು.

ಗುರುವಾರ ಮೇಡಂ ಅವಳನ್ನು ಕರೆದು ಕಂಪ್ಯೂಟರ್ ತೋರಿಸಿದರು.

"ನಿಮ್ಮೂರಿನ ಮೂವತ್ತೆಂಟು ಮನೆ ಪಕ್ಕದ ಹೊಸ ಅಪಾರ್ಟ್‌ಮೆಂಟ್‌ನವರಿಗಿಂತ ಪೂರ್ತಿ ಬೇರೆ ಕಣ್ರೀ. ಹುಳಿ ಬಂದ ಊಟದಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ತುಂಬಾ ಇದೆ, ಶುಗರ್ ಕೂಡ ಹತೋಟಿಲಿದೆ. ಆದ್ರೆ ಫಾರಂ ನೋಡಿದ್ರೆ ಎರಡೂ ಕಡೆಯವರು ತಿನ್ನೋದು ಅದೇ ಇಡ್ಲಿ, ಅದೇ ಚಪಾತಿ. ಊಟ ಇದಕ್ಕೆ ಕಾರಣ ಅಲ್ಲ ಅಂತ ನಾಳೆ ರಿಪೋರ್ಟ್ ಕಳಿಸ್ತೀನಿ."

ಆ ಇಡ್ಲಿ ಬೆಂದದ್ದು ಯಾರ ಒಲೆಯ ಮೇಲೂ ಅಲ್ಲ, ಶಶಿರೇಖಾಳ ಪೆನ್ನಿನಲ್ಲಿ. ಆ ಮನೆಗಳಲ್ಲಿ ರಾತ್ರಿ ಮಿಕ್ಕ ಮುದ್ದೆಗೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿಯುತ್ತಾರೆ. ಅದನ್ನು ಅವಳಿಗೆ ಹೇಳಿಯೂ ಇದ್ದರು. ಮನೆಯವಳೆಂದು ಹೇಳಿದ್ದನ್ನು ಹೊರಗಿನವರ ಕಾಗದಕ್ಕೆ ಹಾಕುವುದೇ? ಏಸಿ ರೂಮಿನಲ್ಲಿ ಕೂತವರು 'ತಂಗಳು' ಎಂದು ಓದಿ ಮೂಗು ಮುರಿದರೆ? ಮೊದಲ ಫಾರಂ ಅವಳ ಸ್ವಂತ ಅತ್ತೆಯದು. ಅಲ್ಲಿ ಇಡ್ಲಿ ಎಂದು ಬರೆದಳು. ಆಮೇಲೆ ಕೈಗೆ ಅದೇ ಅಭ್ಯಾಸವಾಯಿತು. ಊರಿನ ಮಾನ ಕಾಪಾಡಿದೆನೆಂಬ ಜಂಬ ಬೇರೆ!

ಬಾಯಿ ಬಿಟ್ಟರೆ ಕೆಲಸ ಹೋಗಬಹುದು. ಬಿಡದಿದ್ದರೆ ಮೂರು ವರ್ಷದ ದುಡಿಮೆ ಸುಳ್ಳಾಗಿ ಮುಗಿಯುತ್ತದೆ. ಮಧ್ಯಾಹ್ನ ಊಟದ ಡಬ್ಬಿ ತೆರೆದಳು, ಮುಚ್ಚಿದಳು. ತಲೆನೋವೆಂದು ಹೇಳಿ ಸ್ಕೂಟರ್ ಹತ್ತಿದಳು. ಏನೇನೋ ಯೋಚಿಸುತ್ತಾ ತನ್ನೂರಿನ ತಿರುವೇ ತಪ್ಪಿ ಚಿಕ್ಕಜಾಲದವರೆಗೆ ಹೋಗಿ, ತನ್ನನ್ನೇ ಬೈದುಕೊಂಡು ವಾಪಸ್ ಬಂದಳು.

ಅತ್ತೆ ಮುನಿಕೆಂಪಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಶಶಿರೇಖಾ ಚಪ್ಪಲಿ ಬಿಡದೆ ನಿಂತೇ ಕೇಳಿದಳು.

"ಅತ್ತೆ, ನೀವು ತಂಗಳು ಉಣ್ಣೋ ವಿಷ್ಯ ಮೇಡಂಗೆ ಹೇಳ್ಬೇಕಾಗಿದೆ. ನಿಮ್ಗೆ ಬೇಜಾರಾಗಲ್ವಾ?"

"ನಂಗ್ಯಾಕವ್ವ ಬೇಜಾರು? ಅವತ್ತೇ ಏಳಿದ್ನಲ್ಲ. ನೀನು ಬರ್ಕೊಳ್ಳಿಲ್ವಾ?"

ಶಶಿರೇಖಾ ಇಲ್ಲವೆಂದು ತಲೆಯಾಡಿಸಿದಳು. ಮುನಿಕೆಂಪಮ್ಮನ ಕೈ ಕಾಯಿಯ ಮೇಲೆಯೇ ನಿಂತಿತು.

"ಪಕ್ಕದ್ಮನೆ ಸೊಣ್ಣಮ್ಮನೂ ಏಳಿದ್ಲಂತೆ. ನಮ್ ಸಸಿರೇಕ ಓದಿರೋಳು, ಏಳಿದ್ನ ಏಳ್ದಂಗೆ ಬರೀತಾಳೆ ಅಂದ್ಕಂಡಿದ್ವಿ ಕಣವ್ವ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಒಳಗೂ ಹೋಗದೆ ಸ್ಕೂಟರ್ ತಿರುಗಿಸಿದಳು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಅವಳು ಹೊಡೆದ ಹಾರನ್ನಿಗೆ ಮುಂದಿದ್ದ ಆಟೋದವನು ತಿರುಗಿ ನೋಡಿ ಗೊಣಗಿದ.

ಮೇಡಂ ರಿಪೋರ್ಟ್ ಓದುತ್ತಾ ಕೂತಿದ್ದರು. ಶಶಿರೇಖಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಎಷ್ಟು ಮನೆ?"

"ಎಲ್ಲಾ ಮನೆದೂ ಮೇಡಂ."

"ಮೂರು ವರ್ಷ ಶಶಿರೇಖಾ! ಕಾರಣ ಫಾರಂನಲ್ಲೇ ಇರ್ಬೇಕಿತ್ತು. ಯಾಕ್ರೀ ಹೀಗ್ ಮಾಡಿದ್ರಿ?"

"ಅವರಿಗೆ ಅವಮಾನ ಆಗ್ಬಾರ್ದು ಅಂತ..." ಎಂದವಳು ಅಲ್ಲಿಗೇ ತಡೆದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅದು. "ಅವರಿಗಲ್ಲ ಮೇಡಂ. ನಾಚಿಕೆ ಆಗಿದ್ದು ನನಗೆ."

ಹರ್ಷಿತಾ ಮೇಡಂ ಕಂಪ್ಯೂಟರ್ ಮುಚ್ಚಿದರು.

"ರಿಪೋರ್ಟ್ ಕಳಿಸಲ್ಲ. ನಾಳೆಯಿಂದ ಮೂವತ್ತೆಂಟು ಮನೆಗೂ ಮತ್ತೆ ಹೋಗೋಣ, ನಾನೂ ಬರ್ತೀನಿ. ಮಾತಾಡ್ಸೋದು ನೀವು," ಎಂದು ಎದ್ದು ನಿಂತರು. "ಬರೆಯೋದು ನಾನು."