ಅಕ್ಕ ತಾನೇ ಬರೆದ ಪರೀಕ್ಷೆ

ಹಳೆಯ ಮೊಬೈಲಿನಿಂದ ತೆಗೆದಿಟ್ಟಿದ್ದ ಮೆಮೊರಿ ಕಾರ್ಡೊಂದು ಮೊನ್ನೆ ಸೂಜಿದಾರದ ಡಬ್ಬಿಯಲ್ಲಿ ಸಿಕ್ಕಿತು. ಫೋಟೊಗಳಿರಬಹುದೆಂದು ಹಾಕಿ ನೋಡಿದರೆ ಇದ್ದದ್ದು ಬರೀ ಧ್ವನಿ. ಹದಿನೇಳರ ನಾನು ರಾಜ್ಯಶಾಸ್ತ್ರದ ಪಾಠವನ್ನು ಗಡಿಬಿಡಿಯಲ್ಲಿ ಓದುತ್ತಿದ್ದೆ. ಹಿಂದೆ ಹಿಟ್ಟಿನ ಗಿರಣಿಯ ಸದ್ದು, ಯಾರದೋ ಮನೆಯ ಕೋಳಿ. ನಡುವೆ ಅಕ್ಕನ ಧ್ವನಿ, "ಎಷ್ಟ ಅವಸರ ಮಾಡ್ತೀ ಬೇ, ಅಲ್ಲೇ ನಿಂದ್ರು. ಅದನ್ನ ಮತ್ತೊಮ್ಮಿ ಓದು."

ಮುಂದೆ ಕೇಳಲು ಆಗಲಿಲ್ಲ. ಧ್ವನಿ ನಿಲ್ಲಿಸಿ, ಎದ್ದು ಹೋಗಿ ಒಲೆ ಆರಿಸಿದೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಕುಬಿಹಾಳದಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆಯವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಐದನೆಯ ಇಯತ್ತೆಯಲ್ಲಿದ್ದಾಗ ವಿಷಮಜ್ವರ ಬಂದು ಎರಡೂ ಕಣ್ಣು ಹೋದವು. ಎರಡು ವರ್ಷ ಮನೆಯಲ್ಲೇ ಕೂತಿದ್ದಳಂತೆ. ಆಮೇಲೆ ಪಟ್ಟಣದ ಅಂಧ ಮಕ್ಕಳ ಶಾಲೆಯಲ್ಲಿ ಚುಕ್ಕಿ ಲಿಪಿ ಕಲಿತು ಹತ್ತನೆಯದು ಮುಗಿಸಿದಳು, ಪಿಯುಸಿಯನ್ನೂ ಹೇಗೋ ದಾಟಿದಳು. ತಂದೆ ಇರಲಿಲ್ಲ. ತಾಯಿ ಕೂಲಿಗೆ ಹೋಗುತ್ತಿದ್ದಳು. ಅಕ್ಕ ಬಿ.ಎ. ಸೇರಿದ ವರ್ಷವೇ ನಾನು ಅದೇ ಊರಿನಲ್ಲಿ ಪಿಯುಸಿ ಸೇರಿದ್ದರಿಂದ ಇಬ್ಬರಿಗೂ ಒಂದೇ ಬಸ್ಸು. ಆಕೆಯ ಕೈ ನನ್ನ ಹೆಗಲ ಮೇಲೆ. ಬಿ.ಎ. ಮುಗಿದ ಮೇಲೆ ಬಿ.ಎಡ್. ಮಾಡಿ, ತಾನು ಕಲಿತ ಶಾಲೆಗೇ ಟೀಚರಾಗಿ ಹೋಗುತ್ತೇನೆ ಎನ್ನುತ್ತಿದ್ದಳು. ಹಗಲುಗನಸಿನ ಹಾಗೆ ಹೇಳುತ್ತಿರಲಿಲ್ಲ. ನಾಳೆ ಗುಡಗೇರಿ ಸಂತೆಗೆ ಹೋಗಬೇಕು ಎಂದಷ್ಟು ಸಹಜವಾಗಿ ಹೇಳುತ್ತಿದ್ದಳು.

ಆಕೆಯ ಕಾಲೇಜಿನಲ್ಲಿ ಒಂದು ಕೋಣೆಗೆ 'ವಿಕಲಚೇತನ ವಿದ್ಯಾರ್ಥಿಗಳ ಘಟಕ' ಎಂಬ ಫಲಕವಿತ್ತು. ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರೆ ಮುರಿದ ಬೆಂಚುಗಳು, ವಾಲಿಬಾಲ್ ನೆಟ್ಟು ಕಾಣುತ್ತಿದ್ದವು. ಕಣ್ಣಿಲ್ಲದವರಿಗೆ ಓದಿ ಹೇಳುವ ಕಂಪ್ಯೂಟರ್ ಬಂದಿದೆ ಎಂದು ಕೇಳಿ ಅಕ್ಕ ಆಫೀಸಿಗೆ ಹೋದಳು. ಅದು ನಿಜವಾಗಿಯೂ ಬಂದಿತ್ತು, ಬಟ್ಟೆ ಹೊದ್ದು ಮೂಲೆಯಲ್ಲಿತ್ತು. ಅದನ್ನು ನಡೆಸಲು ತರಬೇತಿ ಪಡೆದವರು ವರ್ಗವಾಗಿ ಹೋಗಿದ್ದರು. ಅಕ್ಕ ಅದರ ಮೇಲೆ ಒಮ್ಮೆ ಕೈಯಾಡಿಸಿ, "ಭಾಳ ಧೂಳ ಬಿದ್ದೈತ್ರಿ" ಎಂದಷ್ಟೇ ಹೇಳಿ ಹೊರಗೆ ಬಂದಳು. ಅವತ್ತು ಸಂಜೆ ಬಸ್ಸಿನಲ್ಲಿ ನನ್ನನ್ನು ಕೇಳಿದಳು, "ನೀನ ಓದಿ ಮೊಬೈಲ್ನ್ಯಾಗ ಹಾಕಿ ಕೊಡ್ತೀಯೇನ?"

ಹಾಗೆ ನಾನು ಆಕೆಯ ಪುಸ್ತಕವಾದೆ. ಪರೀಕ್ಷೆ ಬಂದಾಗ ಆಕೆಯ ಕೈಯೂ ಆದೆ. ಬರೆಯುವವರು ಒಂದು ತರಗತಿ ಕೆಳಗಿನವರಿರಬೇಕೆಂಬ ನಿಯಮಕ್ಕೆ ನಾನು ಸರಿಹೊಂದುತ್ತಿದ್ದೆ. ಪ್ರತಿ ಸೆಮಿಸ್ಟರಿಗೂ ಹೊಸ ಅರ್ಜಿ, ಹೊಸ ಫೋಟೊ. ಕಣ್ಣು ಕಾಣುವುದಿಲ್ಲ ಎಂಬ ವೈದ್ಯರ ಪ್ರಮಾಣಪತ್ರದ ಪ್ರತಿಯೂ ಹೊಸದೇ ಬೇಕು. "ಆರ ತಿಂಗಳದಾಗ ಕಣ್ಣ ಬಂದಿರಬಹುದು ಅಂತ ನೋಡ್ತಾರ" ಎಂದು ಅಕ್ಕ ನಗುತ್ತಿದ್ದಳು.

ಪ್ರತ್ಯೇಕ ಕೋಣೆಯಲ್ಲಿ ಆಕೆ ಮೆಲುದನಿಯಲ್ಲಿ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಹೊಸ ಪ್ಯಾರಾ ಬೇಕಾದಾಗ ಡೆಸ್ಕಿನ ಮೇಲೆ ಬೆರಳಿಂದ ಒಮ್ಮೆ ತಟ್ಟುತ್ತಿದ್ದಳು. ಒಮ್ಮೆ ಆಕೆ ಹೇಳಿದ ಇಸವಿ ತಪ್ಪೆಂದು ನನಗೆ ಗೊತ್ತಾಗಿ ಸುಮ್ಮನೆ ಸರಿಯಾದದ್ದನ್ನು ಬರೆದೆ. ಬರೆದದ್ದನ್ನು ನನ್ನಿಂದ ಓದಿಸಿಕೊಂಡಾಗ ಆಕೆಗೆ ಗೊತ್ತಾಯಿತು. ಅದನ್ನು ಹೊಡೆದು ಹಾಕಿಸಿದಳು.

"ನಾ ಹೇಳಿದ್ದಷ್ಟ ಬರಿ. ಪಾಸಾದ್ರ ನಾ ಪಾಸಾಗಬೇಕು, ನೀ ಅಲ್ಲ."

ಹೀಗೆ ಐದು ಸೆಮಿಸ್ಟರ್ ದಾಟಿದೆವು. ಆರನೆಯದರ ಹೊತ್ತಿಗೆ ನಾನೂ ಅದೇ ಕಾಲೇಜಿನಲ್ಲಿ ಬಿ.ಎ. ಮೊದಲನೆಯ ವರ್ಷದಲ್ಲಿದ್ದೆ. ಆಕೆಯ ಪರೀಕ್ಷೆ ಮಧ್ಯಾಹ್ನ, ನನ್ನದು ಬೆಳಿಗ್ಗೆ ಇದ್ದುದರಿಂದ ತೊಂದರೆಯಿರಲಿಲ್ಲ. ಆದರೆ ಬಂದ್ ಇದ್ದ ಒಂದು ದಿನದ ಪರೀಕ್ಷೆಗಳನ್ನು ಮುಂದೂಡಿದರು. ಹೊಸ ವೇಳಾಪಟ್ಟಿ ಹಚ್ಚಿದಾಗ ಆಕೆಯ ಕೊನೆಯ ಪೇಪರು, ರಾಜ್ಯಶಾಸ್ತ್ರ, ನನ್ನ ಇಂಗ್ಲಿಷ್ ಪೇಪರಿನ ದಿನಕ್ಕೇ, ಅದೇ ಹೊತ್ತಿಗೇ ಬಿದ್ದಿತ್ತು. ನಡುವೆ ಎರಡು ದಿನ ಮಾತ್ರ.

ಪ್ರಿನ್ಸಿಪಾಲರು ಒಳ್ಳೆಯವರು. ನಮ್ಮೆದುರೇ ಪರೀಕ್ಷಾ ವಿಭಾಗಕ್ಕೆ ಫೋನು ಮಾಡಿದರು. ಬರೆಯುವವರ ಹೆಸರು ಬದಲಿಸಲು ಹತ್ತು ದಿನ ಮೊದಲು ಅರ್ಜಿ ಬೇಕಿತ್ತು ಎಂದು ಆ ಕಡೆಯಿಂದ ಉತ್ತರ ಬಂತು. ಹತ್ತು ದಿನ ಮೊದಲು ಈ ವೇಳಾಪಟ್ಟಿಯೇ ಇರಲಿಲ್ಲವಲ್ಲ ಎಂದು ಪ್ರಿನ್ಸಿಪಾಲರು ಹೇಳುತ್ತಿರುವಾಗ ಫೋನು ಕಟ್ಟಾಯಿತು. "ಯಾರನ್ನರ ಕರ್ಕೊಂಡ ಬರ್ರಿ, ನಾ ಒಂದ ಪತ್ರಾ ಬರದ ಕೊಡ್ತೀನಿ" ಎಂದರು. ಪಿಯುಸಿ ಓದುತ್ತಿದ್ದ ನನ್ನ ಚಿಗವ್ವನ ಮಗಳನ್ನು ಒಪ್ಪಿಸಿದೆ.

ಆ ದಿನ ಪ್ರಿನ್ಸಿಪಾಲರು ಬೇರೆ ಕೇಂದ್ರದ ಡ್ಯೂಟಿಗೆ ಹೋಗಿದ್ದರು. ಹೊರಗಿನಿಂದ ಬಂದಿದ್ದ ಕೊಠಡಿ ಮೇಲ್ವಿಚಾರಕರು ಅವರ ಪತ್ರವನ್ನು ಎರಡು ಸಲ ಓದಿ ಮಡಚಿ ಕೊಟ್ಟರು.

"ಪರವಾನಗಿಯೊಳಗ ಬ್ಯಾರೇ ಹೆಸರೈತಿ. ನಾ ಒಳಗ ಬಿಟ್ಟೆ ಅಂದ್ರ ನಾಳೆ ಸ್ಕ್ವಾಡಿನವ್ರಿಗೆ ಏನ್ ಹೇಳ್ಲಿ? ನನ್ನ ನೌಕರಿ ಹೊಕ್ಕೈತವ್ವಾ."

ಚಿಗವ್ವನ ಮಗಳು ಮೆಟ್ಟಿಲವರೆಗೆ ಓಡಿ ಬಂದು ನನಗೆ ಹೇಳಿದಳು. ಮೇಲಿನ ಮಹಡಿಯ ನನ್ನ ಪರೀಕ್ಷಾ ಕೋಣೆಯಿಂದ ನಾನು ಕೆಳಗಿಳಿದು ಬಂದೆ. ಗಂಟೆ ಹೊಡೆಯಲು ಇನ್ನೂ ಐದು ನಿಮಿಷವಿತ್ತು. ಪರವಾನಗಿಯಲ್ಲಿದ್ದದ್ದು ನನ್ನ ಹೆಸರು. ಆಕೆಯ ಬಾಜೂ ಕುಳಿತುಬಿಟ್ಟರೆ ಯಾರೂ ನನ್ನನ್ನು ಎಬ್ಬಿಸುವ ಹಾಗಿರಲಿಲ್ಲ. ನನ್ನ ಪೇಪರನ್ನು ಮುಂದಿನ ವರ್ಷ ಬರೆಯಬಹುದಿತ್ತು…

ಅಕ್ಕ ನನ್ನ ಹೆಜ್ಜೆಯ ಸದ್ದು ಗುರುತಿಸಿದಳು. "ನೀ ಮ್ಯಾಲೆ ಹೋಗು. ನಿನ್ನ ಪರೀಕ್ಷಾ ಬರಿ" ಎಂದಳು. ಅವಳು ಹಾಗೆ ಹೇಳಿದ್ದಕ್ಕೆ ನಾನು ಹೋದೆ ಎಂದು ಬಹಳ ವರ್ಷ ಎಲ್ಲರಿಗೂ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಒಂದು ಕಾಲು ಮೆಟ್ಟಿಲ ಕಡೆ ತಿರುಗಿತ್ತು. ಅದನ್ನೂ ಅವಳು ಕೇಳಿಸಿಕೊಂಡಿರಬೇಕು.

ನಾನು ಹತ್ತಿ ಹೋಗುವಾಗ ಹಿಂದಿನಿಂದ ಆಕೆಯ ಮಾತು ಕೇಳಿಸಿತು. "ಪೇಪರ್ ಕೊಡ್ರಿ ಸರ್. ನಾನ ಬರೀತೀನಿ."

ಮೂರು ತಾಸಿನ ನಂತರ ಇಳಿದು ಬಂದಾಗ ಆಕೆ ಇನ್ನೂ ಬೆಂಚಿನಲ್ಲೇ ಇದ್ದಳು. ಮೇಲ್ವಿಚಾರಕರು ಉತ್ತರಪತ್ರಿಕೆ ಹಿಡಿದುಕೊಂಡು ನಿಂತಿದ್ದರು. ಪ್ರಶ್ನೆಗಳನ್ನು ಅವರೇ ಒಮ್ಮೆ ಓದಿ ಹೇಳಿದ್ದರಂತೆ. ಅಷ್ಟಕ್ಕೆ ಅವರ ಧೈರ್ಯ ಮುಗಿದಿತ್ತು. ನನ್ನನ್ನು ಕಂಡು ಪತ್ರಿಕೆಯನ್ನು ನನ್ನ ಮುಂದೆ ಹಿಡಿದರು. ಮೊದಲ ಸಾಲು ಐದನೆಯ ಇಯತ್ತೆಯ ಹುಡುಗಿಯ ದುಂಡು ಅಕ್ಷರ, ಚೊಕ್ಕವಾಗಿತ್ತು. ಎರಡನೆಯ ಸಾಲು ಮೊದಲಿನದರ ಮೇಲೆ ಹತ್ತಿತ್ತು. ಅಲ್ಲಿಂದ ಮುಂದೆ ಸಾಲಿನ ಮೇಲೆ ಸಾಲು, ಅಕ್ಷರದ ಮೇಲೆ ಅಕ್ಷರ. ಪುಟ ತಿರುಗಿಸಿದರೂ ಅದೇ. ಹನ್ನೊಂದು ಪುಟ ಬರೆದಿದ್ದಳು.

"ಓದು, ಕೇಳೂಣು" ಎಂದಳು ಅಕ್ಕ.

ಮೊದಲ ಸಾಲಿನಿಂದ ತಿಳಿಯಿತು, ಅದು ಗ್ರಾಮಸಭೆಯ ಅಧಿಕಾರಗಳ ಪ್ರಶ್ನೆ. ಆ ಪಾಠವನ್ನು ನಾನೇ ಓದಿ ಮೊಬೈಲಿಗೆ ಹಾಕಿದ್ದೆ, ನನಗೂ ಬಾಯಿಪಾಠವಾಗಿತ್ತು. ಆ ಕಪ್ಪು ಪುಟದ ಮೇಲೆ ಕಣ್ಣಿಟ್ಟು ನೆನಪಿನಿಂದ ಹೇಳುತ್ತಾ ಹೋದೆ. ಮೇಲ್ವಿಚಾರಕರು ಕಿಟಕಿಯ ಕಡೆ ಮುಖ ಮಾಡಿದರು. ಅಕ್ಕ ಕೊನೆಯವರೆಗೂ ತಲೆ ಬಾಗಿಸಿ ಕೇಳಿದಳು.

"ಇಷ್ಟ ಛಲೋ ನಾ ಬರದಿಲ್ಲ" ಎಂದಳು.

ಬಸ್ಸು ಹತ್ತಿದೆವು. ಊರು ಹತ್ತಿರ ಬಂದಾಗ, "ನಿಂದ ಹೆಂಗಾತು?" ಎಂದು ಕೇಳಿದಳು. ಛಲೋ ಆಯಿತು ಎಂದೆ. ನಿಜಕ್ಕೂ ಚೆನ್ನಾಗಿಯೇ ಆಗಿತ್ತು.

ಫಲಿತಾಂಶ ಬಂದಾಗ ಆ ವಿಷಯದಲ್ಲಿ ಆಕೆಗೆ ನಾಲ್ಕು ಅಂಕ ಬಂದಿದ್ದವು. ಉಳಿದೆಲ್ಲದರಲ್ಲಿ ಪಾಸು. "ನಾಕ ಕೊಟ್ಟಾರ ಅಂದ್ರ ಒಂದ ಸಾಲರ ಓದ್ಯಾರ" ಎಂದಳು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದೆವು. ಪರೀಕ್ಷೆ ಮುಗಿದ ನಾಲ್ಕನೆಯ ದಿನಕ್ಕೆ ಪರವಾನಗಿ ಕಾಲೇಜಿಗೆ ಬಂತು. ಅದರ ಮುಂದಿನ ವರ್ಷ ಪಠ್ಯ ಬದಲಾಗಿ ಹಳೆಯ ಪೇಪರು ನಿಂತುಹೋಯಿತು. ಹೊಸ ಪಠ್ಯವನ್ನು ಮೊದಲಿನಿಂದ ಓದಬೇಕೆಂದರು. ಅಷ್ಟರಲ್ಲಿ ಆಕೆಯ ತಾಯಿ ತೀರಿಕೊಂಡಿದ್ದಳು. ಅಕ್ಕನನ್ನು ತಂಬೂರು ಎಂಬ ಊರಿನಲ್ಲಿದ್ದ ಸೋದರಮಾವ ಕರೆದುಕೊಂಡು ಹೋದ.

ಎಂ.ಎ. ಓದುತ್ತಿದ್ದಾಗ ಒಮ್ಮೆ ತಂಬೂರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಮೈ ಇಳಿದುಹೋಗಿತ್ತು. ಹೊಸ ಪಠ್ಯದ ಪುಸ್ತಕ ತಂದಿದ್ದೇನೆ, ಓದಲೇ ಎಂದು ಕೇಳಿದೆ.

"ಬ್ಯಾಡ ಬಿಡು. ಈಗ ಕೇಳಿದ್ದು ತಲ್ಯಾಗ ನಿಲ್ಲೂದಿಲ್ಲ."

ಒಂದು ಹಿಡಿ ಶೇಂಗಾ ಸುಲಿದ ಮೇಲೆ ತಾನಾಗಿಯೇ ಅಂದಳು, "ನೀ ಅವತ್ತ ಓದಲಿಲ್ಲ. ನನಗ ಗೊತ್ತೈತಿ. ಓದೂಮುಂದ ಪುಟಾ ತಿರುವಿದ ಸಪ್ಪಳ ಬರಲಿಲ್ಲ."

ನಾನು ಆಕೆಯ ಮುಂದೆ ಕುಳಿತು ಶೇಂಗಾ ಸುಲಿಯತೊಡಗಿದೆ. ಮೆಟ್ಟಿಲ ಮಾತನ್ನು ಅವತ್ತು ಹೇಳಬಹುದಿತ್ತು. ಹೇಳಲಿಲ್ಲ. ಮರುವರ್ಷ ಕಾಮಾಲೆ ಬಂದು ಹೋಗಿಬಿಟ್ಟಳು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಎಂಟು ದಿನವಾಗಿತ್ತು.

ಈಗ ನಾನು ಇನ್ನೊಂದು ತಾಲೂಕಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಯಾರೂ ಒಲ್ಲದ ವಿಕಲಚೇತನ ಘಟಕದ ಉಸ್ತುವಾರಿಯನ್ನು ಕೇಳಿ ಪಡೆದುಕೊಂಡೆ. ಪರೀಕ್ಷೆ ಬರೆದುಕೊಡುವವರ ಹೆಸರುಗಳನ್ನು ಎರಡೆರಡು ಕಳಿಸುತ್ತೇನೆ, ತಿಂಗಳ ಮೊದಲೇ ಕಳಿಸುತ್ತೇನೆ. ಎರಡನೆಯ ಹೆಸರಿಗೆ ಫಾರಂನಲ್ಲಿ ಜಾಗವಿಲ್ಲವೆಂದು ವಾಪಸು ಬರುತ್ತದೆ. ಹೋದ ವರ್ಷ ಕಣ್ಣಿಲ್ಲದ ಇಬ್ಬರು ಹುಡುಗಿಯರಿದ್ದರು. ಕರೆತರುವವರಿಲ್ಲದೆ ಒಬ್ಬಳು ಬರುವುದನ್ನೇ ನಿಲ್ಲಿಸಿದಳು. ಇನ್ನೊಬ್ಬಳು ಏಕೆ ಬಿಟ್ಟಳೆಂದು ಮನೆಗೆ ಹೋಗಿ ಕೇಳಿದರೆ, "ಓದಿ ಏನ ಮಾಡೂದೈತ್ರಿ ಮೇಡಂ" ಎಂದು ಆಕೆಯ ತಂದೆ ಚಹಾ ಕೊಟ್ಟು ಕಳಿಸಿದ.

ಈ ವಾರ ಮೇಲಿನಿಂದ ವಾರ್ಷಿಕ ಮಾಹಿತಿಯ ಫಾರಂ ಬಂದಿದೆ. ಪ್ರಸಕ್ತ ವರ್ಷ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳ ಸಂಖ್ಯೆ ಎಷ್ಟು, ಅವರಿಗೆ ಸಹಾಯ ಬೇಕಾಗಿದೆಯೇ ಎಂದು ಕೇಳಿದ್ದಾರೆ. ಹಾಜರಿ ಪುಸ್ತಕವನ್ನು ಎರಡು ಸಲ ನೋಡಿದೆ. ಆಮೇಲೆ ಎರಡೂ ಕಡೆ 'ಇಲ್ಲ' ಎಂದು ಬರೆದು ಸಹಿ ಮಾಡಿದೆ.